ಬಿಡಿಭಾಗಕ್ಕೂ ಅಪ್ಪಣೆ ಬೇಕು: ಸ್ಮಾರ್ಟ್‌ಫೋನ್ ರಿಪೇರಿಯ ಬೀಗ ಇರುವುದೆಲ್ಲಿ

ಒಂದೇ ಮಾದರಿಯ ಎರಡು ಹೊಸ ಫೋನುಗಳನ್ನು ಬಿಚ್ಚಿ, ಇದರ ಕ್ಯಾಮೆರಾವನ್ನು ಅದಕ್ಕೂ ಅದರ ಕ್ಯಾಮೆರಾವನ್ನು ಇದಕ್ಕೂ ಕೂರಿಸಿದರೆ ಏನಾಗಬೇಕು? ಎರಡೂ ಅಸಲಿ, ಎರಡೂ ಹೊಸವು, ಎರಡರ ಅಳತೆಯೂ ಒಂದೇ. ಹಾಗಾಗಿ ಏನೂ ಆಗಬಾರದು. 2020ರ ಅಕ್ಟೋಬರಿನಲ್ಲಿ ಐಫೋನ್ 12 ಮಾರುಕಟ್ಟೆಗೆ ಬಂದಾಗ, ರಿಪೇರಿ ಕೈಪಿಡಿಗಳನ್ನು ಉಚಿತವಾಗಿ ಪ್ರಕಟಿಸುವ ಅಮೆರಿಕದ ಐಫಿಕ್ಸಿಟ್ ಸಂಸ್ಥೆಯವರು ಇದನ್ನು ಮಾಡಿ ನೋಡಿದರು. ಕ್ಯಾಮೆರಾ ತೆರೆದುಕೊಂಡಿತು, ಆದರೆ ಅಲ್ಟ್ರಾವೈಡ್ ಲೆನ್ಸಿಗೆ ಹೋಗಲು ಒಪ್ಪಲಿಲ್ಲ, ಕೆಲವು ಮೋಡುಗಳಿಗೆ ಮಾತ್ರ ಸ್ಪಂದಿಸಿತು, ನಡುನಡುವೆ ಪೂರ್ತಿ ಸ್ತಬ್ಧವಾಯಿತು. ಕೂರಿಸಿದವರ ಕೈಯಲ್ಲಿ ತಪ್ಪಿರಲಿಲ್ಲ, ಕೂರಿಸಿದ ಭಾಗದಲ್ಲಿ ದೋಷವಿರಲಿಲ್ಲ. ಫೋನಿನ ತಂತ್ರಾಂಶಕ್ಕೆ ಆ ಕ್ಯಾಮೆರಾ ಅಪರಿಚಿತವಾಗಿತ್ತು, ಅಷ್ಟೆ.

ಕೊಂಡ ವಸ್ತುವನ್ನು ತನಗೆ ಬೇಕಾದಲ್ಲಿ ರಿಪೇರಿ ಮಾಡಿಸಿಕೊಳ್ಳುವ ಹಕ್ಕು, ಅಂದರೆ ದುರಸ್ತಿಯ ಹಕ್ಕು ಎಂದಾಗ ನಮ್ಮಲ್ಲಿ ಬಹಳ ಮಂದಿ ಅದನ್ನು ಬೆಲೆಯ ವಿಚಾರವೆಂದು ತಿಳಿಯುತ್ತಾರೆ. ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಒಡೆದ ಪರದೆಗೆ ಹೇಳುವ ದರವನ್ನು ಕೇಳಿ, ಇನ್ನು ಸ್ವಲ್ಪ ಸೇರಿಸಿದರೆ ಹೊಸ ಫೋನೇ ಬರುತ್ತದಲ್ಲ ಎಂದುಕೊಂಡು ಹೊರಬಂದವರಿಗೆ ಹಾಗೆನಿಸುವುದು ಸಹಜವೂ ಹೌದು. ಆದರೆ ಬೆಲೆ ಈ ಗಂಟಿನ ಒಂದು ಎಳೆ ಮಾತ್ರ. ದುಡ್ಡು ಕೊಟ್ಟು ಕೊಂಡ ವಸ್ತುವಿಗೆ ಇನ್ನೊಂದು ಭಾಗವನ್ನು ಹಾಕಿದ ಮೇಲೆ ಅದು ಕೆಲಸ ಮಾಡಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸುವವರು ಯಾರು ಎಂಬುದು ಮೂಲ ಪ್ರಶ್ನೆ.

ಮೊದಲು ಈ ಅಡ್ಡಿಗಳು ಕಣ್ಣಿಗೆ ಕಾಣುವಂತಿದ್ದವು. ಐಫೋನ್ 4ರ ಕಾಲದಲ್ಲಿ ಐದು ದಳದ ಹೂವಿನಂಥ ತಲೆಯ ಸ್ಕ್ರೂ ಬಂತು. ಅದನ್ನು ಬಿಚ್ಚುವ ಸ್ಕ್ರೂಡ್ರೈವರು ಅಂಗಡಿಗಳಲ್ಲಿ ಇರಲಿಲ್ಲ. ಕೆಲವೇ ತಿಂಗಳಲ್ಲಿ ಅದು ಎಲ್ಲ ಕಡೆ ಸಿಗತೊಡಗಿತು. ಆಮೇಲೆ ಬ್ಯಾಟರಿಯನ್ನೂ ಹಿಂಬದಿಯ ಗಾಜನ್ನೂ ಗೋಂದಿನಿಂದ ಅಂಟಿಸುವ ರೂಢಿ ಬಂತು. ರಿಪೇರಿಯವರು ಬಿಸಿ ತಟ್ಟೆಯ ಮೇಲಿಟ್ಟು ಗೋಂದು ಮೆತ್ತಗಾಗಿಸಿ ಬಿಡಿಸುವುದನ್ನು ಕಲಿತರು. ಲೋಹಕ್ಕೂ ಅಂಟಿಗೂ ಒಂದು ಒಳ್ಳೆಯ ಗುಣವಿದೆ: ಪಳಗಿದ ಕೈಗೆ ಅವು ಬಗ್ಗುತ್ತವೆ. ಈಗಿನ ಬೀಗ ಆ ಜಾತಿಯದಲ್ಲ.

ಈ ಕ್ಷೇತ್ರದವರು ಇದನ್ನು ಪಾರ್ಟ್ಸ್ ಪೇರಿಂಗ್ ಎನ್ನುತ್ತಾರೆ. ಪರದೆ, ಬ್ಯಾಟರಿ, ಕ್ಯಾಮೆರಾ, ಬೆರಳಚ್ಚು ಸಂವೇದಕ, ಇವುಗಳೊಳಗೆ ಒಂದೊಂದು ಪುಟ್ಟ ಚಿಪ್ ಇರುತ್ತದೆ. ಅದರಲ್ಲಿ ಆ ಭಾಗದ ಕ್ರಮಸಂಖ್ಯೆ ಬರೆದಿರುತ್ತದೆ. ಬಿಡಿಭಾಗದ ಆಧಾರ್ ಸಂಖ್ಯೆ ಎಂದುಕೊಂಡರೆ ಹತ್ತಿರವಾದೀತು. ಕಾರ್ಖಾನೆಯಲ್ಲಿ ಫೋನು ಸಿದ್ಧವಾಗುವಾಗ ಈ ಸಂಖ್ಯೆಗಳೆಲ್ಲ ಅದರ ಮುಖ್ಯ ಬೋರ್ಡಿನೊಂದಿಗೆ ಗಂಟುಬೀಳುತ್ತವೆ. ಮುಂದೆ ಯಾವಾಗಲಾದರೂ ಭಾಗ ಬದಲಾದರೆ ಬೋರ್ಡು ಸಂಖ್ಯೆಯನ್ನು ತಾಳೆ ನೋಡುತ್ತದೆ. ತಾಳೆಯಾಗದಿದ್ದರೆ ಒಂದೋ ಎಚ್ಚರಿಕೆಯ ಸಂದೇಶ ತೋರಿಸುತ್ತದೆ, ಇಲ್ಲವೇ ಒಂದು ಸೌಲಭ್ಯವನ್ನು ನಿಲ್ಲಿಸುತ್ತದೆ. ಹೊಸ ಭಾಗವನ್ನು ಮತ್ತೆ ಗಂಟುಹಾಕಲು ಬೇಕಾದ ತಂತ್ರಾಂಶ ಹಲವು ವರ್ಷ ಕಂಪನಿಯ ಬಳಿ ಮತ್ತು ಅದು ಒಪ್ಪಿದವರ ಬಳಿ ಮಾತ್ರ ಇತ್ತು, ಅದೂ ಕಂಪನಿಯ ಸರ್ವರನ್ನು ಕೇಳಿಕೊಂಡೇ ಕೆಲಸ ಮಾಡುತ್ತದೆ. ಅಲ್ಲಿಂದ ಒಪ್ಪಿಗೆ ಬಾರದಿದ್ದರೆ, ಹಳೆಯ ಭಾಗದ ಚಿಪ್ಪನ್ನೇ ಕಿತ್ತು ಹೊಸದಕ್ಕೆ ಬೆಸೆಯುವುದನ್ನು ಬಿಟ್ಟು, ಎಂಥ ಪಳಗಿದ ಕೈಯೂ ಮಾಡುವುದೇನೂ ಉಳಿಯುವುದಿಲ್ಲ.

ಇದರ ಅತಿ ಕಟುವಾದ ರೂಪ ಜಗತ್ತಿಗೆ ಗೊತ್ತಾದದ್ದು ‘ಎರರ್ 53’ ಎಂಬ ಹೆಸರಿನಲ್ಲಿ. ಬೆರಳಚ್ಚು ಸಂವೇದಕವಿರುವ ಹೋಮ್ ಬಟನ್ನನ್ನು ಹೊರಗಿನ ಅಂಗಡಿಗಳಲ್ಲಿ ಬದಲಾಯಿಸಿಕೊಂಡಿದ್ದ ಐಫೋನುಗಳು ತಿಂಗಳುಗಟ್ಟಲೆ ಸರಿಯಾಗಿಯೇ ನಡೆದಿದ್ದವು. ಐಓಎಸ್ ಅಪ್‌ಡೇಟ್ ಹಾಕಿದೊಡನೆ ಅವು ಈ ಸಂಖ್ಯೆಯನ್ನು ತೋರಿಸಿ ನಿರ್ಜೀವವಾದವು. 2016ರ ಫೆಬ್ರವರಿಯಲ್ಲಿ ಪತ್ರಿಕೆಗಳಲ್ಲಿ ಇದು ದೊಡ್ಡ ಸುದ್ದಿಯಾದ ಮೇಲೆ ಆ್ಯಪಲ್ ಕ್ಷಮೆ ಕೇಳಿ, ಸತ್ತ ಫೋನುಗಳನ್ನು ಎಬ್ಬಿಸುವ ಹೊಸ ಅಪ್‌ಡೇಟ್ ಬಿಡುಗಡೆ ಮಾಡಿತು. ಆಸ್ಟ್ರೇಲಿಯಾದ ಗ್ರಾಹಕ ಆಯೋಗ ಅಷ್ಟಕ್ಕೆ ಬಿಡಲಿಲ್ಲ. ಹೊರಗೆ ರಿಪೇರಿ ಮಾಡಿಸಿದಿರಿ, ಆದ್ದರಿಂದ ನಿಮಗೆ ಪರಿಹಾರವಿಲ್ಲ ಎಂದು ಕನಿಷ್ಠ 275 ಗ್ರಾಹಕರಿಗೆ ಕಂಪನಿ ಹೇಳಿತ್ತೆಂಬುದು ನ್ಯಾಯಾಲಯದಲ್ಲಿ ದೃಢಪಟ್ಟು, 2018ರ ಜೂನ್‌ನಲ್ಲಿ 90 ಲಕ್ಷ ಆಸ್ಟ್ರೇಲಿಯನ್ ಡಾಲರು ದಂಡ ಬಿತ್ತು. ಹೊರಗಿನವರ ಕೈ ಮುಟ್ಟಿದ ಮಾತ್ರಕ್ಕೆ ಗ್ರಾಹಕನ ಕಾನೂನುಬದ್ಧ ಹಕ್ಕು ಅಳಿಸಿಹೋಗುವುದಿಲ್ಲ ಎಂಬ ನಿಲುವು ಅಲ್ಲಿ ಗಟ್ಟಿಯಾಯಿತು.

2021ರಲ್ಲಿ ಅದೇ ಕಥೆ ಪರದೆಯ ರೂಪದಲ್ಲಿ ಮರಳಿತು. ಐಫೋನ್ 13ರ ಪರದೆಯನ್ನು ಹೊರಗೆ ಬದಲಾಯಿಸಿದರೆ, ಪರದೆಗೆ ಸಂಬಂಧವೇ ಇಲ್ಲದ, ಮುಖ ನೋಡಿ ಬೀಗ ತೆರೆಯುವ ಫೇಸ್ ಐಡಿ ನಿಂತುಹೋಗುತ್ತಿತ್ತು. ಇದನ್ನು ತಪ್ಪಿಸಲು ಹಳೆಯ ಪರದೆಯ ಬೆನ್ನಿನಲ್ಲಿರುವ ಐಸಿಯನ್ನು, ಅಂದರೆ ಆ ಪುಟ್ಟ ಚಿಪ್ಪನ್ನು, ಸೂಕ್ಷ್ಮದರ್ಶಕದ ಕೆಳಗೆ ಬಿಡಿಸಿ ಹೊಸ ಪರದೆಗೆ ಬೆಸೆಯಬೇಕಿತ್ತು. ಹತ್ತು ನಿಮಿಷದ ಪರದೆ ಬದಲಾವಣೆ ಹೀಗೆ ಚಿಪ್ ಲೆವೆಲ್ ಕೆಲಸವಾಗಿಬಿಟ್ಟಿತು. ಗದ್ದಲವೆದ್ದ ಮೇಲೆ, ನವೆಂಬರಿನಲ್ಲಿ, ಮುಂದಿನ ಅಪ್‌ಡೇಟಿನಲ್ಲಿ ಇದನ್ನು ಸರಿಪಡಿಸುವುದಾಗಿ ಆ್ಯಪಲ್ ಹೇಳಿತು ಮತ್ತು ಐಓಎಸ್ 15.2ರಲ್ಲಿ ಹಾಗೆಯೇ ಮಾಡಿತು. ಒಂದು ಅಪ್‌ಡೇಟಿನಿಂದ ತೆಗೆಯಬಹುದಾದ ಅಡ್ಡಿ ತಾಂತ್ರಿಕ ಅನಿವಾರ್ಯತೆಯೇನೂ ಆಗಿರಲಿಲ್ಲ ಎಂದು ತಿಳಿಯಲು ಎಂಜಿನಿಯರಿಂಗ್ ಓದಬೇಕಾಗಿಲ್ಲ.

ಬ್ಯಾಟರಿಯ ವಿಷಯಕ್ಕೆ ಬಂದರೆ ಪೇರಿಂಗಿನ ವಿಪರ್ಯಾಸ ಇನ್ನೂ ಸ್ಪಷ್ಟವಾಗುತ್ತದೆ. ಫೋನಿನ ಬ್ಯಾಟರಿಯೆಂದರೆ ಲೀಥಿಯಂ ಕೋಶ ಮತ್ತು ಅದರ ತಲೆಗೆ ಬೆಸೆದ ಒಂದು ಸಣ್ಣ ಬೋರ್ಡು. ಅತಿಯಾಗಿ ಚಾರ್ಜ್ ಆಗದಂತೆ ಕಾಯುವುದು ಆ ಬೋರ್ಡಿನ ಕೆಲಸ. ಕ್ರಮಸಂಖ್ಯೆ ಇರುವುದೂ ಅದರಲ್ಲಿಯೇ. ಹೊಸ ಬ್ಯಾಟರಿಯನ್ನು ಇಡಿಯಾಗಿ ಹಾಕಿದರೆ, ಇದು ಅಸಲಿಯೋ ಅಲ್ಲವೋ ಖಚಿತಪಡಿಸಲಾಗುತ್ತಿಲ್ಲ ಎಂಬ ಸಂದೇಶ ಬರುತ್ತದೆ. ಐಫೋನ್ ಎಕ್ಸ್‌ಎಸ್, ಎಕ್ಸ್‌ಆರ್ ಮಾದರಿಗಳಿಂದ ಮೊದಲಾಗಿ ಹಲವು ವರ್ಷ ಬ್ಯಾಟರಿಯ ಆರೋಗ್ಯದ ಶೇಕಡಾವಾರು ಲೆಕ್ಕವನ್ನೂ ಮರೆಮಾಡಲಾಗುತ್ತಿತ್ತು. ಗ್ರಾಹಕರಿಗೆ ಆ ಸಂದೇಶವೆಂದರೆ ದಿಗಿಲು. ಅದು ಬಾರದಂತೆ ಮಾಡಲು ರಿಪೇರಿಯವರು ಕಂಡುಕೊಂಡ ದಾರಿ ಇದು: ಹಳೆಯ ಬ್ಯಾಟರಿಯ ತಲೆಯಿಂದ ಬೋರ್ಡನ್ನು ಕತ್ತರಿಸಿ ತೆಗೆದು, ಹೊಸ ಕೋಶದ ನಿಕ್ಕಲ್ ಪಟ್ಟಿಗಳಿಗೆ ಸ್ಪಾಟ್ ವೆಲ್ಡಿಂಗ್ ಮಾಡುವುದು. ಕತ್ತರಿ ಒಂದು ಕೂದಲೆಳೆ ತಪ್ಪಿ ಎರಡೂ ಪಟ್ಟಿಗಳಿಗೆ ಒಟ್ಟಿಗೆ ತಾಗಿದರೆ ಕಿಡಿ ಹಾರುತ್ತದೆ, ಕೋಶ ಉಬ್ಬುತ್ತದೆ. ಸುರಕ್ಷತೆಗೆಂದೇ ಈ ತಾಳೆ ನೋಡುವ ವ್ಯವಸ್ಥೆ ಎಂದು ಕಂಪನಿಗಳು ಹೇಳುತ್ತವೆ. ಅದೇ ವ್ಯವಸ್ಥೆಯಿಂದಾಗಿ, ಇಡಿಯಾಗಿ ಬಂದ ಒಳ್ಳೆಯ ಬ್ಯಾಟರಿಯನ್ನು ಸುಮ್ಮನೆ ಹಾಕಿ ಕಳಿಸಬಹುದಾಗಿದ್ದ ಜಾಗದಲ್ಲಿ ಲೀಥಿಯಂ ಕೋಶಕ್ಕೆ ಕತ್ತರಿ ತಾಗಿಸುವ ಕೆಲಸ ನಡೆಯುತ್ತಿದೆ.

ಕಂಪನಿಗಳ ವಾದವನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಬೆರಳಚ್ಚು ಮತ್ತು ಮುಖ ಗುರುತಿಸುವ ಸಂವೇದಕಗಳಿಗೆ ಕಟ್ಟುನಿಟ್ಟಿನ ಪರಿಶೀಲನೆ ಬೇಕೆಂಬುದನ್ನು ನಾನು ಒಪ್ಪುತ್ತೇನೆ. ಬ್ಯಾಂಕಿನ ಆ್ಯಪ್ ತೆರೆಯುವ ಬೀಗಕ್ಕೆ ಯಾರು ಬೇಕಾದರೂ ಹೊಸ ಕೀಲಿಕೈ ಮಾಡುವಂತಿರಬಾರದು. ಕಳವಿನ ವಾದದಲ್ಲಿಯೂ ಹುರುಳಿದೆ: ಕದ್ದ ಫೋನನ್ನು ಬಿಚ್ಚಿ ಭಾಗಗಳನ್ನು ಬಿಡಿಯಾಗಿ ಮಾರುವ ದಂಧೆ ಇರುವುದು ನಿಜ, ಭಾಗಕ್ಕೂ ಬೀಗವಿದ್ದರೆ ಅದರ ಲಾಭ ಇಳಿಯುತ್ತದೆ. ಆದರೆ ಕಳವಾಗಿದೆಯೆಂದು ಮಾಲೀಕರು ದಾಖಲಿಸಿದ ಫೋನಿನ ಭಾಗವನ್ನು ಮಾತ್ರ ತಡೆಯುವುದು ಒಂದು, ಎಲ್ಲ ಭಾಗಗಳನ್ನೂ ಕಳವಿನ ಮಾಲಿನಂತೆ ಅನುಮಾನಿಸುವುದು ಇನ್ನೊಂದು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2021ರ ಮೇ ತಿಂಗಳಲ್ಲಿ ಸಂಸತ್ತಿಗೆ ಕೊಟ್ಟ ವರದಿಯಲ್ಲಿ, ರಿಪೇರಿಗೆ ಒಡ್ಡುವ ಅಡ್ಡಿಗಳಿಗೆ ತಯಾರಕರು ಕೊಡುವ ಸಮರ್ಥನೆಗಳಿಗೆ ಪುರಾವೆ ಬಹಳ ಕಡಿಮೆ ಎಂದು ಹೇಳಿತ್ತು.

ಹೊಂದಾಣಿಕೆ, ಅಂದರೆ ಕ್ಯಾಲಿಬ್ರೇಷನ್, ಇನ್ನೊಂದು ನಿಜವಾದ ಅಗತ್ಯ. ಪರದೆಯ ಕೆಳಗೆ ಬೆರಳಚ್ಚು ಸಂವೇದಕ ಇರುವ ಫೋನಿಗೆ ಹೊಸ ಪರದೆ ಹಾಕಿದಾಗ ಅದನ್ನು ಮತ್ತೆ ಹೊಂದಿಸಲೇಬೇಕು. ಇಲ್ಲಿ ಕಂಪನಿಗಳು ಹಿಡಿದ ದಾರಿ ಬೇರೆಬೇರೆ. ಗೂಗಲ್ ತನ್ನ ಪಿಕ್ಸೆಲ್ ಫೋನುಗಳ ಈ ಹೊಂದಾಣಿಕೆಯ ತಂತ್ರಾಂಶವನ್ನು ಯಾರು ಬೇಕಾದರೂ ಬಳಸುವಂತೆ ಅಂತರ್ಜಾಲದಲ್ಲಿ ಇಟ್ಟಿತು. ಹೊಂದಿಸುವುದು ಬೇರೆ, ಅಪ್ಪಣೆ ಕೊಡುವುದು ಬೇರೆ. ಮೊದಲನೆಯದರ ಹೆಸರು ಹೇಳಿ ಎರಡನೆಯದನ್ನು ಇಟ್ಟುಕೊಳ್ಳುವುದರ ಬಗ್ಗೆಯೇ ತಕರಾರು.

ತಾವೇ ರಿಪೇರಿ ಮಾಡಿಕೊಳ್ಳುವವರಿಗೆ ಭಾಗ, ಸಲಕರಣೆ ಕೊಡುವ ‘ಸೆಲ್ಫ್ ಸರ್ವಿಸ್ ರಿಪೇರ್’ ಯೋಜನೆಯನ್ನು ಆ್ಯಪಲ್ 2022ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಆರಂಭಿಸಿದಾಗ ಹಲವರು ಬಾಗಿಲು ತೆರೆಯಿತೆಂದುಕೊಂಡರು. ವಾರಕ್ಕೆ 49 ಡಾಲರು ಬಾಡಿಗೆಗೆ ಸಲಕರಣೆಗಳು ಬರುತ್ತಿದ್ದವು, ಎರಡು ದೊಡ್ಡ ಪೆಟ್ಟಿಗೆಗಳಲ್ಲಿ, ಒಟ್ಟು ಸುಮಾರು 36 ಕಿಲೋ ತೂಕ. ಜೇಬಿನ ಫೋನಿನ ಬ್ಯಾಟರಿ ಬದಲಾಯಿಸಲು ಮುಕ್ಕಾಲು ಸಿಮೆಂಟ್ ಮೂಟೆಯಷ್ಟು ಭಾರ ಮನೆಗೆ ಹೊರಬೇಕಿತ್ತು. ತೂಕಕ್ಕಿಂತ ಮುಖ್ಯವಾದ ಷರತ್ತು ಬೇರೆಯಿತ್ತು: ಭಾಗವನ್ನು ತರಿಸುವಾಗಲೇ ಯಾವ ಫೋನಿಗೆ ಎಂದು ಅದರ ಕ್ರಮಸಂಖ್ಯೆ ಅಥವಾ ಐಎಂಇಐ ಎಂಬ ಗುರುತುಸಂಖ್ಯೆ ಕೊಡಬೇಕಿತ್ತು. ಅಂದರೆ ಅಂಗಡಿಯವರು ಹತ್ತು ಪರದೆ ತರಿಸಿ ಕಪಾಟಿನಲ್ಲಿಟ್ಟುಕೊಂಡು, ಬಂದ ಗಿರಾಕಿಗೆ ಆಗಲೇ ಹಾಕಿಕೊಡುವಂತಿರಲಿಲ್ಲ. ಕೆಟ್ಟ ಇನ್ನೊಂದು ಫೋನಿನ ಒಳ್ಳೆಯ ಪರದೆಯನ್ನು ತೆಗೆದು ಇದಕ್ಕೆ ಕೂರಿಸುವಂತೆಯೂ ಇರಲಿಲ್ಲ. ರಿಪೇರಿಯ ವ್ಯಾಪಾರ ನಿಂತಿರುವುದೇ ಈ ಎರಡು ಕೆಲಸಗಳ ಮೇಲೆ. 2024ರ ಏಪ್ರಿಲ್‌ನಲ್ಲಿ ಕಂಪನಿ ಈ ಷರತ್ತನ್ನು ಬಹುಪಾಲು ಸಡಿಲಿಸಿ, ಐಫೋನ್ 15ರಿಂದ ಆಚೆಗೆ ಬಳಸಿದ ಅಸಲಿ ಭಾಗಗಳನ್ನೂ ಒಪ್ಪುವುದಾಗಿ ಪ್ರಕಟಿಸಿತು.

ಆ ಪ್ರಕಟಣೆ ತಾನಾಗಿ ಬರಲಿಲ್ಲ. ಅದಕ್ಕೆ ಸ್ವಲ್ಪ ಮುಂಚೆ, ಅದೇ ವರ್ಷದ ಮಾರ್ಚ್‌ನಲ್ಲಿ, ಒರೆಗಾನ್ ರಾಜ್ಯ ಪಾರ್ಟ್ಸ್ ಪೇರಿಂಗನ್ನು ನಿಷೇಧಿಸಿದ ಮೊದಲ ಅಮೆರಿಕನ್ ರಾಜ್ಯವಾಗಿತ್ತು. ಕೆಲಸ ಮಾಡಬಲ್ಲ ಭಾಗವನ್ನು ಕೂರಿಸದಂತೆ ತಡೆಯುವುದು, ಕೂರಿಸಿದ ಮೇಲೆ ಸೌಲಭ್ಯ ಕಡಿಮೆ ಮಾಡುವುದು, ದಾರಿ ತಪ್ಪಿಸುವ ಎಚ್ಚರಿಕೆಗಳನ್ನು ತೋರಿಸುವುದು, ಈ ಮೂರನ್ನೂ ಆ ಕಾನೂನು ಹೆಸರಿಸಿ ತಡೆಯುತ್ತದೆ. ಗೂಗಲ್ ಅದನ್ನು ಬೆಂಬಲಿಸಿತು, ಆ್ಯಪಲ್ ವಿರೋಧಿಸಿತು. ಅದಕ್ಕಿಂತ ಮೊದಲಿನ ನ್ಯೂಯಾರ್ಕ್, ಮಿನ್ನೆಸೋಟ, ಕ್ಯಾಲಿಫೋರ್ನಿಯಾ ಕಾನೂನುಗಳು ಭಾಗ, ಸಲಕರಣೆ, ಕೈಪಿಡಿಗಳನ್ನು ಒದಗಿಸಬೇಕೆಂದಷ್ಟೇ ಹೇಳಿದ್ದವು. ಕ್ಯಾಲಿಫೋರ್ನಿಯಾದಲ್ಲಿ 100 ಡಾಲರಿಗಿಂತ ದುಬಾರಿಯಾದ ಸಾಧನಗಳಿಗೆ ಏಳು ವರ್ಷ. ಈ ಹೋರಾಟದ ಬೇರು ಇನ್ನೂ ಹಿಂದೆ, ಕಾರುಗಳಲ್ಲಿದೆ: ಮ್ಯಾಸಚೂಸೆಟ್ಸ್ ರಾಜ್ಯದ ಮತದಾರರು 2012ರಲ್ಲಿ ಶೇ. 86ರಷ್ಟು ಬಹುಮತದಿಂದ ವಾಹನ ರಿಪೇರಿಯ ಹಕ್ಕನ್ನು ಒಪ್ಪಿದ್ದರು.

ಯುರೋಪು ವಿನ್ಯಾಸಕ್ಕೇ ಕೈಹಾಕಿದೆ. 2025ರ ಜೂನ್ 20ರಿಂದ ಅಲ್ಲಿ ಮಾರುಕಟ್ಟೆಗೆ ಬರುವ ಸ್ಮಾರ್ಟ್‌ಫೋನುಗಳಿಗೆ, ಮಾದರಿಯ ಮಾರಾಟ ನಿಂತ ಮೇಲೂ ಏಳು ವರ್ಷ ಮುಖ್ಯ ಬಿಡಿಭಾಗಗಳು ಸಿಗಬೇಕು, ಐದು ವರ್ಷ ಅಪ್‌ಡೇಟ್ ಬರಬೇಕು, ಬ್ಯಾಟರಿ 800 ಬಾರಿ ಚಾರ್ಜ್ ಆದ ಮೇಲೂ ಶೇ. 80ರಷ್ಟು ಸಾಮರ್ಥ್ಯ ಉಳಿಸಿಕೊಂಡಿರಬೇಕು. ಪೆಟ್ಟಿಗೆಯ ಮೇಲಿನ ಚೀಟಿಯಲ್ಲಿ ರಿಪೇರಿಯ ಸುಲಭತೆಗೆ ಒಂದು ದರ್ಜೆಯೂ ಇರಬೇಕು. ಬ್ಯಾಟರಿಯನ್ನು ಸಾಮಾನ್ಯ ಸಲಕರಣೆಗಳಿಂದ ಬದಲಾಯಿಸುವಂತಿರಬೇಕು ಎಂಬ ನಿಯಮಕ್ಕೆ ಮಾತ್ರ ಒಂದು ಕಿಂಡಿ ಇದೆ: 1000 ಬಾರಿ ಚಾರ್ಜ್ ಆದ ಮೇಲೂ ಶೇ. 80 ಉಳಿಯುವ ಬ್ಯಾಟರಿಯಿದ್ದು, ಧೂಳು, ನೀರು ಒಳನುಗ್ಗದ ಫೋನಾದರೆ ವಿನಾಯಿತಿ ಸಿಗುತ್ತದೆ. ದುಬಾರಿ ಫೋನುಗಳು ಆ ಕಿಂಡಿಯಿಂದಲೇ ತೂರಿಕೊಳ್ಳುತ್ತವೆ ಎಂದು ನನ್ನ ಅಂದಾಜು.

ಭಾರತದ ಕಥೆ ಬೇರೆ ರೀತಿಯದು. ಇಲ್ಲಿ ರಿಪೇರಿಯ ಸಂಸ್ಕೃತಿ ಮೊದಲೇ ಇತ್ತು, ಹಕ್ಕಿನ ಮಾತು ಆಮೇಲೆ ಬಂತು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ನಿಧಿ ಖರೆ ಅವರ ಅಧ್ಯಕ್ಷತೆಯಲ್ಲಿ ಸಮಿತಿ ರಚಿಸಿ, ಕೃಷಿ ಉಪಕರಣ, ಮೊಬೈಲ್ ಮತ್ತು ಟ್ಯಾಬ್ಲೆಟ್, ಗೃಹೋಪಯೋಗಿ ಸಾಧನ, ವಾಹನ ಎಂಬ ನಾಲ್ಕು ಕ್ಷೇತ್ರಗಳನ್ನು ಗುರುತಿಸಿತು. ಅದೇ ವರ್ಷದ ಡಿಸೆಂಬರ್ 24ರಂದು, ರಾಷ್ಟ್ರೀಯ ಗ್ರಾಹಕ ದಿನದಂದು, ಕಂಪನಿಗಳು ಕೈಪಿಡಿ, ಬಿಡಿಭಾಗ, ವಾರಂಟಿಗಳ ಮಾಹಿತಿಯನ್ನು ಒಂದೆಡೆ ಹಾಕುವ ‘ರೈಟ್ ಟು ರಿಪೇರ್’ ಪೋರ್ಟಲ್ ಆರಂಭವಾಯಿತು. 2024ರಲ್ಲಿ ಭರತ್ ಖೇರಾ ನೇತೃತ್ವದ ಮತ್ತೊಂದು ಸಮಿತಿ ಕೂತು, 2025ರ ಮೇ ತಿಂಗಳಲ್ಲಿ ಮೊಬೈಲುಗಳಿಗೆ ರಿಪೇರಿ ಸೂಚ್ಯಂಕ ಬೇಕೆಂದು ವರದಿ ಕೊಟ್ಟಿತು. ಬಿಚ್ಚಲು ಎಷ್ಟು ಹಂತ, ಭಾಗ ಎಷ್ಟು ದಿನದಲ್ಲಿ ಸಿಗುತ್ತದೆ, ಎಂಥ ಸಲಕರಣೆ ಬೇಕು, ಅಪ್‌ಡೇಟ್ ಎಷ್ಟು ಕಾಲ ಎಂಬಂಥ ಅಂಶಗಳಿಗೆ ಅಂಕ ಹಾಕಿ, ಮಾರಾಟದ ಜಾಗದಲ್ಲಿ ತೋರಿಸಬೇಕೆಂಬುದು ಶಿಫಾರಸು. ಅಂಕವನ್ನು ಕಂಪನಿಗಳೇ ಘೋಷಿಸಿಕೊಳ್ಳಬೇಕು.

ಕೊಳ್ಳುವ ಮುಂಚೆ ಹೋಲಿಸಿ ನೋಡಲು ಸೂಚ್ಯಂಕ ಒಳ್ಳೆಯದೇ. ಫ್ರಾನ್ಸ್ 2021ರಲ್ಲಿಯೇ ಅದನ್ನು ಕಡ್ಡಾಯ ಮಾಡಿತ್ತು. ಆದರೆ ಅಂಕ ಎಂಬುದು ಮಾಹಿತಿ, ಒರೆಗಾನ್ ಕಾನೂನಿನಂಥದ್ದು ನಿಷೇಧ. ನಮ್ಮಲ್ಲಿ ನಿಷೇಧಕ್ಕೆ ಹತ್ತಿರವಾದ ತರ್ಕ ಸಿಗುವುದು, ವಿಚಿತ್ರವೆಂದರೆ, ಮತ್ತೆ ಕಾರುಗಳಲ್ಲಿ. ಶಂಶೇರ್ ಕಟಾರಿಯಾ ಎಂಬುವರ ದೂರಿನ ಮೇಲೆ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್ 25ರಂದು 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,545 ಕೋಟಿ ರೂಪಾಯಿ ದಂಡ ಹಾಕಿತು. ಬಿಡಿಭಾಗಗಳನ್ನೂ ದೋಷ ಪತ್ತೆಯ ಸಲಕರಣೆಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ಕೊಡದಿರುವುದು ಆರೋಪ. ಕಾರು ಮಾರಾಟದಲ್ಲಿ ಎಷ್ಟೇ ಪೈಪೋಟಿಯಿರಲಿ, ಒಮ್ಮೆ ಕೊಂಡ ಮೇಲೆ ಆ ಕಾರಿನ ಭಾಗಗಳ ಮಟ್ಟಿಗೆ ಆ ಕಂಪನಿಯೇ ಏಕೈಕ ಒಡೆಯ ಎಂದು ಆಯೋಗ ಕಂಡಿತು. ಕಂಪನಿಗಳು ಮೇಲ್ಮನವಿಗೆ ಹೋದವು. ಆದರೂ ಆ ತರ್ಕವನ್ನು ಫೋನಿಗೆ ಅನ್ವಯಿಸಿ ನೋಡಿದರೆ ಹೊಂದದ ಭಾಗವೇನೂ ನನಗೆ ಕಾಣುವುದಿಲ್ಲ.

ಇನ್ನೊಂದು ಅಷ್ಟಾಗಿ ಚರ್ಚೆಯಾಗದ ಅನುಕೂಲವೂ ನಮಗಿದೆ. ಅಮೆರಿಕದಲ್ಲಿ 1998ರ ಡಿಜಿಟಲ್ ಕೃತಿಸ್ವಾಮ್ಯ ಕಾನೂನು ತಂತ್ರಾಂಶದ ಬೀಗ ಮುರಿಯುವುದನ್ನೇ ಅಪರಾಧವಾಗಿಸಿತ್ತು. ರಿಪೇರಿಗಾಗಿ ಫೋನಿನ ಬೀಗ ದಾಟಬಹುದೆಂಬ ವಿನಾಯಿತಿಗೆ ಅಲ್ಲಿನವರು 2018ರವರೆಗೆ ಕಾಯಬೇಕಾಯಿತು. ನಮ್ಮ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿದ 65ಎ ಕಲಂ ಹಾಗಿಲ್ಲ: ಹಕ್ಕುಸ್ವಾಮ್ಯ ಉಲ್ಲಂಘಿಸುವ ಉದ್ದೇಶದಿಂದ ಬೀಗ ಮುರಿದರೆ ಮಾತ್ರ ಅದು ಅಪರಾಧ. ಪರದೆ ಬದಲಾಯಿಸುವವರಿಗೆ ಅಂಥ ಉದ್ದೇಶವಿರುವುದಿಲ್ಲ. ಕಾನೂನು ಇಷ್ಟು ದೂರ ಬಿಟ್ಟಿದ್ದರೂ ಬೀಗ ಬಿಚ್ಚಬೇಕೆಂದು ತಯಾರಕರಿಗೆ ಅದು ಎಲ್ಲಿಯೂ ಹೇಳುವುದಿಲ್ಲ, ತೊಂದರೆ ಅಲ್ಲಿದೆ.

ಕರ್ನಾಟಕದಲ್ಲಿ ಈ ಪ್ರಶ್ನೆಗೆ ಇನ್ನೊಂದು ಮುಖವಿದೆ. ಐಫೋನ್ ಜೋಡಣೆ ಭಾರತದಲ್ಲಿ ಮೊದಲಾದದ್ದೇ 2017ರಲ್ಲಿ, ಬೆಂಗಳೂರಿನ ಪೀಣ್ಯದಲ್ಲಿ. ಆಮೇಲೆ ಕೋಲಾರ ಜಿಲ್ಲೆಯ ನರಸಾಪುರದಲ್ಲಿ ವಿಸ್ಟ್ರಾನ್ ಕಾರ್ಖಾನೆ ಎದ್ದಿತು. ಈಗ ಅದು ಟಾಟಾ ಎಲೆಕ್ಟ್ರಾನಿಕ್ಸ್‌ನದು. ದೇವನಹಳ್ಳಿಯಲ್ಲಿ ಫಾಕ್ಸ್‌ಕಾನ್ ಇದೆ. ಪರದೆಯನ್ನು, ಕ್ಯಾಮೆರಾವನ್ನು ಬೋರ್ಡಿಗೆ ಗಂಟುಹಾಕುವ ಕೆಲಸ ಇಂಥ ಕಾರ್ಖಾನೆಗಳ ಸಾಲಿನಲ್ಲಿಯೇ ನಡೆಯುತ್ತದೆ. ಅಲ್ಲಿಂದ ಐವತ್ತು, ಅರವತ್ತು ಕಿಲೋಮೀಟರ್ ಒಳಗಿನ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ, ಎರಡು ಕುರ್ಚಿ ಹಿಡಿಸುವಷ್ಟೇ ಅಗಲದ ಅಂಗಡಿಯಲ್ಲಿ, ಹಾಟ್ ಏರ್ ಗನ್ ಹಿಡಿದ ಹುಡುಗ ಅದೇ ಗಂಟನ್ನು ಸೂಕ್ಷ್ಮದರ್ಶಕದ ಕೆಳಗೆ ಬಿಡಿಸುತ್ತಾ ಕೂತಿರುತ್ತಾನೆ.

ಅಂಥ ಅಂಗಡಿಯಲ್ಲಿ ಪರದೆ ಒಡೆದ ಫೋನನ್ನು ಮುಂದಿಟ್ಟರೆ ದರ ಒಂದೇ ಬರುವುದಿಲ್ಲ, ಮೂರು ಬರುತ್ತವೆ: ಕಾಪಿ ಡಿಸ್‌ಪ್ಲೇಗೆ ಒಂದು, ಬೇರೆ ಫೋನಿನಿಂದ ಬಿಚ್ಚಿದ ಒರಿಜಿನಲ್‌ಗೆ ಒಂದು, ಅದಕ್ಕೇ ಹಳೆಯ ಐಸಿ ವರ್ಗಾಯಿಸಿ ಕೊಡುವುದಾದರೆ ಇನ್ನೊಂದು. ಎರಡನೆಯದಕ್ಕೂ ಮೂರನೆಯದಕ್ಕೂ ಪರದೆಯಲ್ಲಿ ವ್ಯತ್ಯಾಸವಿಲ್ಲ; ಗಾಜು ಒಂದೇ, ಬಣ್ಣ ಒಂದೇ, ಸ್ಪರ್ಶ ಒಂದೇ. ಹೆಚ್ಚಿನ ದುಡ್ಡು ಹೋಗುವುದು ಸೆಟ್ಟಿಂಗ್ಸ್‌ನೊಳಗಿನ ಒಂದು ಸಾಲು ಕಾಣದಂತೆ ಮಾಡುವುದಕ್ಕೆ. ಫೋನನ್ನು ಬಿಚ್ಚುವ ಮುಂಚೆ ಅಂಗಡಿಯವರು ತಲೆ ಎತ್ತದೆ ಕೇಳುವ ಮೊದಲ ಪ್ರಶ್ನೆಯೂ ಅದೇ: “ಮೆಸೇಜ್ ಬಂದ್ರೆ ಪರವಾಗಿಲ್ವಾ ಸಾರ್?”